ಅಪ್ಪನ ಎದೆಯ ಮೇಲೆ ಕಾಲು

ಬಂದವರೆಲ್ಲ ಚಪ್ಪಲಿ ಬಿಟ್ಟು, ಹಲಗೆಯ ಅಂಚಿನಲ್ಲಿ ಬಗ್ಗಿ ನೋಡಿ, ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಒಬ್ಬಾಕೆಯಂತೂ ಕೈಯನ್ನೂ ಮುಗಿದಳು. ಮಂಜುಶ್ರೀಗೆ ಜೀವ ಬಾಯಿಗೆ ಬಂದಿತ್ತು.

ಎರಡು ಸಾವಿರದ ಏಳನೇ ಇಸವಿ. ಶಿವಮೊಗ್ಗದ ಚಿತ್ರಕಲಾ ಶಾಲೆಯೊಂದರಲ್ಲಿ ಅವಳ ಕೊನೆಯ ಪರೀಕ್ಷೆಗೆಂದು ಇಟ್ಟ ಕಲಾಕೃತಿ ಅದು. ಹಲಗೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಮೂಡಿದ ಆಳೆತ್ತರದ ಗಂಡಸೊಬ್ಬ ಮಲಗಿದ್ದ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುವ ಅವಳಪ್ಪ ಕರಿಯಣ್ಣ. ಆ ಎದೆಯ ಮೇಲೆ ಕಾಲಿಟ್ಟರೆ, ಡಬಲ್ ಶಿಫ್ಟ್ ಮುಗಿಸಿ ಮಲಗಿದ್ದಾಗ ಅವಳು ರೆಕಾರ್ಡ್ ಮಾಡಿಕೊಂಡ ಅವನ ಉಸಿರು ಸ್ಪೀಕರಿನಿಂದ ಹಲಗೆಗೆ ಹತ್ತಿ, ತುಳಿದವರ ಅಂಗಾಲಿನಿಂದ ಮೈಗೇರಬೇಕು. ಪರರ ದಣಿವು ನಮ್ಮ ಮೈಗೂ ತಿಳಿಯಲಿ ಎಂಬ ಘನವಾದ ಉದ್ದೇಶ. ಆದರೆ ಮಲಗಿದವರನ್ನು ದಾಟಲೂ ಹೆದರುವ ಊರಿನಲ್ಲಿ ಎದೆ ತುಳಿಯುವವರು ಯಾರು? ಜಾಣೆಗೆ ಅದೊಂದು ಹೊಳೆದಿರಲಿಲ್ಲ. ಅವಳೂ ಅಕ್ಕಿಮೂಟೆ ಇಟ್ಟೇ ಪರೀಕ್ಷಿಸಿದ್ದಳು, ಒಮ್ಮೆಯೂ ತುಳಿದಿರಲಿಲ್ಲ.

“ಯಾರೂ ಹತ್ತಲಿಲ್ಲ ಅಂದ್ರೆ ಕೆಲಸ ಮಾಡ್ತು ಅಂತ ಹೇಗಮ್ಮ ಬರೀಲಿ? ಫೇಲ್ ಮಾಡ್ಬೇಕಾಗುತ್ತೆ,” ಎಂದರು ಪರೀಕ್ಷಕ ಶಿವಮೂರ್ತಪ್ಪ.

“ನೀವೇ ಒಂದ್ಸಲ ಹತ್ತಿ ಸಾರ್.”

ಅವರು ಕಾಲೆತ್ತಿದರು. ಮಲಗಿದವನ ಮುಖ ನೋಡಿ ಇಳಿಸಿದರು. ಪಾಪಭೀತಿ ಬೇರೆ, ಮಾರ್ಕ್ಸು ಬೇರೆ.

ಮಂಜುಶ್ರೀ ನೋಡಲು ಬಂದಿದ್ದ ತಾಯಿಯ ಮುಂದೆ ಅಂಗಲಾಚಿದಳು. “ಅಮ್ಮ, ನೀನಾದ್ರೂ ಹತ್ತೇ.”

“ಗಂಡನ ಎದೆ ತುಳಿ ಅಂತೀಯಲ್ಲೇ ಮಾರಾಯ್ತಿ,” ಎಂದು ಹೂವಮ್ಮ ಹಿಂದೆ ಸರಿದಳು.

ಅವಳ ಪಕ್ಕದಲ್ಲಿ ಕರಿಯಣ್ಣನೇ ನಿಂತಿದ್ದ. ಸಂಜೆ ಶಿಫ್ಟಿಗೆ ಹೊರಡುವ ಅವಸರ ಅವನಿಗೆ. ಸುಸ್ತೇ ಎಂದು ಕೇಳಿದರೆ ‘ನನಗೇನು ಧಾಡಿ’ ಎನ್ನುವ ಆಸಾಮಿ.

“ನನ್ನೆದೆ ನಾನೇ ತುಳಿದ್ರೆ ಪಾಪ ಬರಲ್ಲ ಬಿಡಿ,” ಎಂದು ನಗುತ್ತಲೇ ಹತ್ತಿದ.

ಬೆಳಕಿನ ಎದೆ ಕುಸಿಯಿತು. ಹಲಗೆ ನಡುಗಿತು. ಉಸಿರು ಕರಕರ ಎಳೆದು, ನಿಂತು, ಮತ್ತೆ ಎಳೆಯಿತು. ಕರಿಯಣ್ಣನ ನಗು ಆರಿತು. ಮುಂದಿನ ಉಸಿರು ಬಹಳ ಹೊತ್ತು ಬರಲಿಲ್ಲ. ತುಳಿದು ನಿಂತವನೂ ಉಸಿರು ಬಿಗಿಹಿಡಿದು ಅದಕ್ಕೇ ಕಾದ. ಅದು ಬಂದಾಗ ಅದರ ಜೊತೆಗೇ ಅವನೂ ಉಸಿರು ಬಿಟ್ಟ.

“ಪಾಸಮ್ಮ, ಪಾಸು,” ಎಂದರು ಶಿವಮೂರ್ತಪ್ಪ. ಮಂಜುಶ್ರೀಗೆ ಗೆದ್ದೆ ಅನ್ನಿಸಲಿಲ್ಲ. ಹೆದರಿಕೆಯಾಯಿತು, ಅಳು ಬಂತು.

ಕರಿಯಣ್ಣ ಮೆಲ್ಲಗೆ ಇಳಿದ. ತುಳಿದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಹಲಗೆಯ ಮೇಲೆ ಮಲಗಿದವನನ್ನೇ ನೋಡುತ್ತ ಹೆಂಡತಿ ಮಗಳಿಗೆ ಹೇಳಿದ:

“ಇವತ್ತು ಈ ಮನುಷ್ಯನ್ನ ಕೆಲಸಕ್ಕೆ ಕಳಿಸ್ಬೇಡ್ರೇ.”