ಆಯ್ತಾ ಮಾಮ ಶೋರೂಮಿಗೆ ಹೋದದ್ದು

ಆಯ್ತಾ ಮಾಮನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳಬೇಕೆಂಬ ಆಸೆಯೂ ಇಲ್ಲ ಅನ್ನಿ. ಮನೆಯ ಹಿಂದಿನ ತಗಡಿನ ಶೆಡ್ಡಿಗೆ ರಿಪೇರಿಗೆ ಬಂದವರೆಲ್ಲ ಅವನ ಬಾಯಲ್ಲಿ ಗಾಡಿಗಳೇ. "ನೀಲಿ ವ್ಯಾನಿಗೆ ಹೆಣ್ಣುಮಗು ಅಂತೆ", "ಪಾಪ, ಬಿಳಿ ಕಾರು ಕಾಲು ಮುರ್ಕೊಂಡು ಮಲಗಿದೆ" ಎಂದು ಊಟಕ್ಕೆ ಕೂತು ಸುದ್ದಿ ಹೇಳಿದರೆ, ಹೊಸದಾಗಿ ಕೇಳಿದವರು ಕಕ್ಕಾಬಿಕ್ಕಿ. ಯಾರು ಏನು ಕೆಲಸದಲ್ಲಿದ್ದಾರೆ, ಎಲ್ಲಿರುತ್ತಾರೆ ಎಂದು ಅವನು ಜನ್ಮದಲ್ಲಿ ಕೇಳಿದವನಲ್ಲ. ಗಾಡಿ ಹೇಗಿದೆ ಎಂದರೆ ಮುಗಿಯಿತು.

ಅವನಿಗೆ ಆ ಅಡ್ಡಹೆಸರು ಬಂದದ್ದೂ ಗಾಡಿಯಿಂದಲೇ. ಕೆಲಸ ಮುಗಿಸಿ ಬಾನೆಟ್ ಮುಚ್ಚುವ ಮುಂಚೆ ಒಂದು ಕೈ ಸೊಂಟದ ಮೇಲಿಟ್ಟು, ಎಂಜಿನ್ನನ್ನು ದುರುಗುಟ್ಟಿ ನೋಡಿ, "ಆಯ್ತಾ?" ಎಂದು ಗಟ್ಟಿಯಾಗಿ ಕೇಳುತ್ತಾನೆ. ಆಮೇಲೆ ತಾನು ಬಿಚ್ಚಿದ್ದನ್ನು, ಬಿಗಿದದ್ದನ್ನು ಎಲ್ಲ ಒಂದೊಂದಾಗಿ ಕೈಯಿಂದ ಮುಟ್ಟುತ್ತಾನೆ. ಎಲ್ಲ ಸರಿಯಿದ್ದರೆ ಗಾಡಿಯ ಬೆನ್ನಿಗೊಂದು ಗುದ್ದು ಹಾಕಿ "ಆಯ್ತು!" ಎನ್ನುತ್ತಾನೆ. ಕೇಳಿದವನೇ ಉತ್ತರ ಕೊಡಬೇಕು, ಉತ್ತರ ಕೊಡದೆ ಬಾನೆಟ್ ಮುಚ್ಚಬಾರದು. ಇದು ಶೆಡ್ಡಿನ ಕಾನೂನು.

ಅವನ ಒಬ್ಬಳೇ ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವವಳು. ಹುಟ್ಟಿದಾಗ ಅತ್ತ ಅಳುವಿಗೆ ಪಕ್ಕದ ಬೀದಿಯವರೂ ಎದ್ದು ಕೂತಿದ್ದರಂತೆ, ಅದಕ್ಕೆ ಅಪ್ಪ ಅವಳನ್ನು ಕರೆಯುವುದೇ 'ಹಾರ್ನು' ಎಂದು. ಅಂಥ ಹಾರ್ನು ಈಗ ತಿಂಗಳುಗಳಿಂದ ಒಂದು ಮಾತು ಹೇಳಲಾರದೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದಳು. ಆ ಮಾತು ಕೆಂಪು ಸ್ಕೂಟರಿನದು.

ಕೆಂಪು ಸ್ಕೂಟರು ಎಂದರೆ ಒಬ್ಬ ಹುಡುಗ. ಅಜ್ಜನ ಕಾಲದ ಸ್ಕೂಟರನ್ನು ರಜೆ ಸಿಕ್ಕಾಗಲೆಲ್ಲ ಶೆಡ್ಡಿಗೆ ತರುತ್ತಿದ್ದ. ತಂದು ಸುಮ್ಮನೆ ನಿಲ್ಲುವ ಆಸಾಮಿಯಲ್ಲ. ಅಂಗಿಯ ತೋಳು ಮಡಿಸಿ ಮಾಮನ ಪಕ್ಕ ನೆಲದ ಮೇಲೆ ಕೂತು, ತನ್ನ ಗಾಡಿಯದು ಮುಗಿದರೆ ಇನ್ನೊಬ್ಬರ ಗಾಡಿಗೂ ಕೈ ಹಾಕುತ್ತಿದ್ದ. "ಬಂಗಾರದಂಥ ಕೈ ಕಣೇ ಕೆಂಪು ಸ್ಕೂಟರಿಂದು. ಯಾವ ಪುಣ್ಯವಂತರ ಮನೆಗೆ ಅಳಿಯ ಆಗ್ತಾನೋ!" ಎಂದು ಅಪ್ಪ ಹೊಗಳಿದಾಗೆಲ್ಲ ಹಾರ್ನು ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಅಮ್ಮ ಮುಖ ತಿರುಗಿಸಿ ನಗುತ್ತಿದ್ದಳು, ಅಮ್ಮನಿಗೆ ಎಲ್ಲ ಗೊತ್ತಿತ್ತು.

ಹಾಗಾದರೆ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳುವುದು? ಹುಡುಗ ಕೆಲಸ ಮಾಡುತ್ತಿದ್ದದ್ದು ಶೋರೂಮಿನಲ್ಲಿ! ದೊಡ್ಡ ರಸ್ತೆಯಲ್ಲಿ ಆ ಗಾಜಿನ ಕಟ್ಟಡ ಎದ್ದ ಮೇಲೆ ಮಾಮನ ಅರ್ಧ ಗಿರಾಕಿಗಳು ಅತ್ತ ಹೋಗಿದ್ದರು. "ಅಲ್ಲಿ ಗಾಡಿ ರಿಪೇರಿ ಮಾಡಲ್ಲ, ಸೆಂಟು ಹೊಡೆದು ಕಳಿಸ್ತಾರೆ" ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಬೈಯದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ಹುಡುಗ ಪ್ರತಿ ಸಲವೂ ಇವತ್ತು ಹೇಳಿಯೇ ತೀರುತ್ತೇನೆ ಎಂದು ಬರುವುದು, ಮಾಮ ಶೋರೂಮಿನ ಜನ್ಮ ಜಾಲಾಡುವುದು, ಬಾಯಿಗೆ ಬಂದ ಮಾತು ಗಂಟಲಿಗೆ ವಾಪಸ್ಸು. ಹಾರ್ನುಗೆ ಬೇಕಾದದ್ದು ಬರೀ ಒಪ್ಪಿಗೆಯಲ್ಲ. ಅಪ್ಪ ನಗುನಗುತ್ತಾ ಒಪ್ಪಬೇಕು. ಅಪ್ಪನ ಮುಖ ಸಪ್ಪಗಾದರೆ ಆ ಮದುವೆಯೇ ಅವಳಿಗೆ ಬೇಡ.

ಅಷ್ಟರಲ್ಲಿ ಅವಳು ಪಾಠಕ್ಕೆಂದು ಕೊಂಡ ಹೊಸ ಕಾರಿನ ಮೊದಲ ಸರ್ವೀಸು ಬಂತು.

"ನಾಳೆ ಬೆಳಗ್ಗೆ ಶೆಡ್ಡಿಗೆ ಹಾಕು, ನೋಡ್ಬಿಡ್ತೀನಿ," ಎಂದ ಅಪ್ಪ.

"ಅಪ್ಪಾ, ಇದು ಶೋರೂಮಲ್ಲೇ ಆಗ್ಬೇಕಂತೆ. ವಾರಂಟಿ ಇದೆಯಲ್ಲ."

"ನಾನಿರೋವಾಗ ವಾರಂಟಿ ಯಾಕೆ?"

"ನನ್ನ ಸ್ಟೂಡೆಂಟ್‌ಗಳು ಕ್ಲಚ್ಚನ್ನ ಚಪ್ಪಲಿ ತುಳಿದ ಹಾಗೆ ತುಳೀತಾರೆ. ನಾಳೆ ಏನಾದ್ರೂ ಹೋದ್ರೆ ಕಂಪನಿಯವರು ಕೇಳೋದೇ ಮೊದಲ ಸರ್ವೀಸು ಎಲ್ಲಿ ಮಾಡಿಸಿದ್ರಿ ಅಂತ."

ಅಪ್ಪ ಊಟ ಮುಗಿಸಿ ಎದ್ದ. "ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ," ಎಂದು ಕೈ ತೊಳೆದ. ಅವನು ಕೈ ಒರೆಸಿಕೊಂಡು ತಿರುಗಿ, "ಸರಿ. ಆದರೆ ನಾನೂ ಬರ್ತೀನಿ. ಏನು ಕಿಸೀತಾರೋ ಕಣ್ಣಾರೆ ನೋಡ್ಬೇಕು," ಎಂದಾಗ ಹಾರ್ನುಗೆ ಗಾಬರಿ ಹಿಡಿಯಿತು.

"ಹೋಗಲಿ ಬಿಡೇ," ಎಂದಳು ಅಮ್ಮ, ಅಪ್ಪ ಆಚೆ ಹೋದ ಮೇಲೆ. "ಎಷ್ಟು ದಿನ ಅಂತ ಕೆಂಡಕ್ಕೆ ಬೂದಿ ಮುಚ್ಚಿ ಇಡ್ತೀಯಾ?"

ಹಾರ್ನು ಗುಟ್ಟಾಗಿ ಹುಡುಗನಿಗೆ ಫೋನು ಮಾಡಿದಳು. ಅಂದು ರಜೆ ಹಾಕುತ್ತೇನೆಂದು ಅವನು ಮಾತು ಕೊಟ್ಟ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಶೋರೂಮಿನ ಮೆತ್ತನೆ ಸೋಫಾದಲ್ಲಿ ಕೂರುವ ಮುಂಚೆ ಅಭ್ಯಾಸಬಲದಿಂದ ಅದರ ಮೇಲೊಂದು ಪೇಪರು ಹಾಸಿದ. ಕಾಫಿ ಯಂತ್ರದಿಂದ ಕಾಫಿ ಬಂತು, ಒಂದು ಗುಟುಕು ಕುಡಿದು, "ಚೆನ್ನಾಗಿದೆ. ಅದಕ್ಕೇ ಅನುಮಾನ," ಎಂದ. ಎದುರಿಗೆ ಉದ್ದಕ್ಕೂ ಗಾಜಿನ ಗೋಡೆ. ಅದರಾಚೆ ಕೆಲಸದ ಜಾಗ. ಇವರ ಕಾರು ಅಲ್ಲಿ ನೆಲ ಬಿಟ್ಟು ಎದ್ದು ನಿಂತಿತ್ತು, ಅದರ ಕೆಳಗೆ ಬೂದುಬಣ್ಣದ ಸಮವಸ್ತ್ರ, ಟೋಪಿ ತೊಟ್ಟ ಒಬ್ಬ ಬೆನ್ನು ಮಾಡಿ ನಿಂತಿದ್ದ.

ಹಾರ್ನು ಬೆಚ್ಚಿದಳು. ಆ ಬೆನ್ನು, ಟೋಪಿಯಿಂದ ಹೊರಚಾಚಿದ ಆ ಕಿವಿಗಳು ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಯಾರೋ ಜ್ವರ ಬಂದು ಕೈಕೊಟ್ಟಿದ್ದರಿಂದ ಬೆಳಗ್ಗೆಯೇ ಅವನನ್ನು ಕರೆಸಿಕೊಂಡಿದ್ದರಂತೆ, ಅದು ಆಮೇಲೆ ತಿಳಿದದ್ದು.

"ಅಪ್ಪಾ, ಇನ್ನೊಂದು ಕಾಫಿ? ಅಲ್ನೋಡು, ಪೇಪರ್ ಇದೆ. ಆ ಕಡೆ ಗಾಳಿ ಚೆನ್ನಾಗಿ ಬರುತ್ತೆ..."

ಯಾರು ಕೇಳಬೇಕು? ಅಪ್ಪ ಆಗಲೇ ಗಾಜಿಗೆ ಮೂಗು ಒತ್ತಿ ನಿಂತಿದ್ದ. "ಹ್ಞಾಂ, ಹಳೇ ಆಯಿಲು ಪೂರ್ತಿ ಇಳೀಲಿ, ಅವಸರ ಬೇಡ... ಕಾಯ್ತಾ ಇದಾನೆ. ಪರವಾಗಿಲ್ಲ... ಬಿಗಿ. ಅತಿಯಾಗಿ ಬಿಗೀಬೇಡ್ವೋ... ಇಲ್ಲ, ಸರಿಯಾಗೇ ಬಿಗಿದ." ಒಂದಾದರೂ ತಪ್ಪು ಸಿಗಲಿ ಎಂದು ಹಸಿದು ಬಂದವನಿಗೆ ಒಂದೂ ಸಿಗದೆ ಮುಖ ಹುಳ್ಳಗಾಗುತ್ತಿತ್ತು.

ಕಾರು ಕೆಳಗಿಳಿಯಿತು. ಉಳಿದ ಕೆಲಸವೂ ಮುಗಿಯಿತು. ಆಗ ಆ ಹುಡುಗ ಒಂದು ಕೈ ಸೊಂಟದ ಮೇಲಿಟ್ಟು, ಎಂಜಿನ್ನನ್ನು ದುರುಗುಟ್ಟಿ ನೋಡಿದ. ಪಕ್ಕದಿಂದ ಕಾಣುತ್ತಿದ್ದ ಅವನ ತುಟಿ ಅಲುಗಿತು.

ಅಪ್ಪನ ಮಾತು ನಿಂತುಹೋಯಿತು.

ಹುಡುಗ ಒಂದೊಂದನ್ನೇ ಮುಟ್ಟತೊಡಗಿದ. ಅಷ್ಟರಲ್ಲಿ ಟೈ ಕಟ್ಟಿದವರೊಬ್ಬರು ಬಂದು ಏನೋ ಕೇಳಿದರು. ಅವನು ಉತ್ತರಿಸಿ, ಅವರು ಹೋದ ಮೇಲೆ, ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಮರೆತು ನೇರವಾಗಿ ಬಾನೆಟ್ಟಿಗೆ ಕೈ ಹಾಕಿದ.

ಆಯ್ತಾ ಮಾಮ ಎರಡೂ ಅಂಗೈಗಳಿಂದ ಗಾಜನ್ನು ಬಡಿದ. "ಏಯ್! ಉತ್ತರ ಎಲ್ಲೋ? ಉತ್ತರ ಕೊಡದೆ ಮುಚ್ತೀಯೇನೋ?"

ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಹುಡುಗನೂ ತಿರುಗಿದ. ಗಾಜಿನ ಈಚೆ ಮಾಮ, ಆಚೆ ಅವನು, ಇಬ್ಬರೂ ಬಾಯಿ ತೆರೆದು ನಿಂತರು.

"ಕೆಂಪು ಸ್ಕೂಟರು!" ಎಂದ ಅಪ್ಪ.

ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಓಡಿಹೋಗುತ್ತಾನೋ ಎಂದು ಹಾರ್ನು ಹೆದರಿದಳು. ಅವನು ಓಡಲಿಲ್ಲ. ಮತ್ತೆ ಎಂಜಿನ್ನಿನ ಕಡೆ ತಿರುಗಿ, ಮೊದಲಿನಿಂದ ಎಲ್ಲವನ್ನೂ ಮುಟ್ಟಿದ. ಯಾವುದೂ ತಪ್ಪಿರಲಿಲ್ಲ. ಆಮೇಲೆ ನೇರವಾಗಿ ಮಾಮನನ್ನೇ ನೋಡುತ್ತಾ ಕಾರಿಗೊಂದು ಗುದ್ದು ಹಾಕಿದ. ಶಬ್ದ ಈಚೆಗೆ ಬರಲಿಲ್ಲ, ಆದರೆ ಅವನ ತುಟಿ ಏನೆಂದಿತೆಂದು ತಂದೆಮಗಳಿಬ್ಬರಿಗೂ ಗೊತ್ತಿತ್ತು.

ಅಪ್ಪ ಹಿಂದೆ ಸರಿದು ಪೇಪರಿನ ಮೇಲೆ ಕೂತ. "ನಿಂಗೆ ಮೊದಲೇ ಗೊತ್ತಿತ್ತಾ?"

ಇನ್ನು ಮುಚ್ಚಿಟ್ಟು ಸುಖವಿಲ್ಲ. "ಗೊತ್ತಿತ್ತು. ಅಮ್ಮಂಗೂ ಗೊತ್ತು. ನಾನು ಮದುವೆ ಅಂತ ಆದ್ರೆ ಅವನನ್ನೇ ಅಪ್ಪಾ. ಆದ್ರೆ ನೀನು ಮುಖ ಊದಿಸ್ಕೊಂಡು ಒಪ್ಪೋದಾದ್ರೆ ಬೇಡ. ನಗ್ತಾ ಒಪ್ಪಬೇಕು," ಎಂದಳು.

ಅಪ್ಪ ಅವಳನ್ನು ನೋಡಲಿಲ್ಲ. ಗಾಜಿನಾಚೆ ನೋಡುತ್ತಿದ್ದ. "ನನ್ನ ಶೆಡ್ಡಿನ ಗಾಡಿಗಳೆಲ್ಲ ಇಲ್ಲಿಗೆ ಬಂದ್ವು ಅಂತ ಹೊಟ್ಟೆ ಉರ್ಕೊಂಡಿದ್ದೆ ಕಣೇ," ಎಂದ ಮೆಲ್ಲಗೆ. "ಅವುಗಳ ಹಿಂದೆ ನನ್ನ 'ಆಯ್ತಾ'ನೂ ಬಂದು ಕೂತಿದೆ ಅಂತ ಯಾರಾದ್ರೂ ಹೇಳ್ಬಾರ್ದಾ?" ಅವನ ಕಣ್ಣಲ್ಲಿ ನೀರು ತುಂಬಿತ್ತು. ನೀರಿನ ಜೊತೆಗೇ ಒಳಗಿನಿಂದ ನಗು ಹೊರಟು, ಸೋಫಾ ಅಲುಗಾಡುವಷ್ಟು ನಕ್ಕ. ಹಾರ್ನುವೂ ಅಳುತ್ತಾ ನಕ್ಕಳು.

ಹುಡುಗ ಕಾರಿನ ಕೀ ಹಿಡಿದು ಬಂದ. "ಮಾಮ, ಹೇಳ್ಬೇಕು ಅಂತಲೇ ಇದ್ದೆ..."

"ಅದಿರಲಿ. ಇಷ್ಟು ದೊಡ್ಡ ಜಾಗ ಇಟ್ಕೊಂಡು ನಿನ್ನ ಸ್ಕೂಟರು ಯಾಕೆ ನನ್ನ ಹತ್ರ ತರ್ತೀಯಾ?"

"ಇಲ್ಲಿ ಹೊಸ ಗಾಡಿಗಷ್ಟೇ ಮರ್ಯಾದೆ ಮಾಮ. ಹಳೇದನ್ನ ಬದುಕಿಸೋದು ನೀವೇ," ಎಂದ ಹುಡುಗ. ಹಾರ್ನುವಿನ ಕಡೆ ಕಳ್ಳನೋಟ ಬೀರಿ, "ಮೊದಮೊದಲು ಅದಕ್ಕೇ ಬರ್ತಿದ್ದೆ," ಎಂದು ಸೇರಿಸಿದ.

"ಸರಿ ಹಾಗಾದ್ರೆ. ವಾರಂಟಿ ಇರೋತನಕ ಕಾರು ಇಲ್ಲಿಗೆ ಬರ್ಲಿ, ನೀನೇ ಮುಟ್ಬೇಕು, ಇನ್ನೊಬ್ಬರಲ್ಲ. ವಾರಂಟಿ ಮುಗಿದ ಮಾರನೇ ದಿನ ನನ್ನ ಶೆಡ್ಡಿಗೆ."

"ಹ್ಞೂಂ ಮಾಮ." ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಮತ್ತೆ... ನಮ್ಮಿಬ್ಬರ ವಿಷಯ... ಆಯ್ತಾ?"

ಮಾಮ ಒಂದು ಕೈ ಸೊಂಟದ ಮೇಲಿಟ್ಟು ಅವನನ್ನು ದುರುಗುಟ್ಟಿ ನೋಡಿದ. ಅವನ ಕಾಲರು ಮುಟ್ಟಿದ. ಭುಜ ಹಿಡಿದು ಅಲುಗಿಸಿದ. ಗ್ರೀಸು ಹತ್ತಿದ ಅಂಗೈಗಳನ್ನು ತಿರುಗಿಸಿ ನೋಡಿದ. ಒಂದು ಕಿವಿಯನ್ನು ಹಿಂಡಿಯೂ ಪರೀಕ್ಷೆ ಮಾಡಿದ. ಕೇಳಿದವನೇ ಉತ್ತರ ಕೊಡಬೇಕೆಂಬ ತನ್ನ ಕಾನೂನನ್ನು ಅಂದು ಮೊದಲ ಸಲ ತಾನೇ ಮುರಿದು, ಹುಡುಗನ ಬೆನ್ನಿಗೊಂದು ಗುದ್ದು ಹಾಕಿದ.

"ಆಯ್ತು!" ಎಂದ. ಆಮೇಲೆ ಏನೋ ನೆನಪಾದವನಂತೆ ತಲೆ ಕೆರೆದುಕೊಂಡ. "ಅಂದ ಹಾಗೆ, ನಿನ್ನ ಹೆಸರೇನೋ?"