ಗುರುಗುಟ್ಟುವುದನ್ನು ಬಿಟ್ಟ ನಾಯಿ

“ನಮ್ಮ ನಾಯಿ ಕಚ್ಚಲ್ಲ ಬಿಡಿ.”

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಮನೆ ಮನೆಯ ಗೇಟಿನ ಬಳಿ ಬಸ್ಸು ನಿಲ್ಲಿಸಿದಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. ಹೇಳಿದವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರ ನಾಯಿ ಅಲ್ಲಿಯವರೆಗೆ ಕಚ್ಚಿರಲಿಲ್ಲ, ಅಷ್ಟೆ.

ಹಳ್ಳದಾಚೆಯ ಬ್ರೆಕ್ಕೆ ಮನೆಯವರ ಜಾಸ್ಪರ್ ಕೂಡ ಕಚ್ಚಿರಲಿಲ್ಲ. ಹಸು ಅಟ್ಟುವ ತಳಿ, ಮೈತುಂಬ ಬೂದು ಚುಕ್ಕೆ. ಏಪ್ರಿಲ್‌ನ ಒಂದು ಭಾನುವಾರ ಮನೆಯವರೆಲ್ಲ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದರು. ಜಾಸ್ಪರ್ ಒಲೆಯ ಪಕ್ಕದಲ್ಲಿ ಮೂಳೆ ಹಿಡಿದು ಮಲಗಿತ್ತು. ನಾಲ್ಕು ವರ್ಷದ ಎಮೆಟ್ ಕುರ್ಚಿಯಿಂದ ಇಳಿದು ಹೋಗಿ, ದಿನವೂ ಮಾಡುವ ಹಾಗೆ, ಅದರ ಕತ್ತು ತಬ್ಬಿಕೊಂಡ.

ಬೊಗಳಲಿಲ್ಲ. ಗುರುಗುಟ್ಟಲಿಲ್ಲ. ಮಗು ಕಿರುಚಿದಾಗ ಎಲ್ಲರೂ ತಿರುಗಿ ನೋಡಿದರು. ಕೆನ್ನೆ ಸೀಳಿತ್ತು, ರಕ್ತ ಚರ್ಚಿಗೆ ಹಾಕಿದ್ದ ಅಂಗಿಯ ಮೇಲೆ ಇಳಿಯುತ್ತಿತ್ತು. ತಾಯಿ ಜೊಲೀನ್ ಪಾತ್ರೆ ಒರೆಸುವ ಬಟ್ಟೆಯನ್ನೇ ಗಾಯಕ್ಕೆ ಒತ್ತಿ ಹಿಡಿದಳು. ತಂದೆ ಲೈಲ್ ಕೈಯಲ್ಲಿ ಫೋರ್ಕ್ ಹಿಡಿದೇ ನಿಂತಿದ್ದ. ಅದನ್ನು ಕೆಳಗಿಡಬೇಕೆಂದು ಕೂಡ ಅವನಿಗೆ ಹೊಳೆಯಲಿಲ್ಲವಂತೆ.

ಒಂಬತ್ತು ಹೊಲಿಗೆ. “ಒಂದು ಬೆರಳು ಮೇಲಕ್ಕೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು” ಎಂದರು ಡಾಕ್ಟರು.

ಜಾಸ್ಪರ್‌ಗೆ ರೇಬೀಸ್ ಲಸಿಕೆ ಹಾಕಿಸಿದ್ದರು. ಆದ್ದರಿಂದ ಹತ್ತು ದಿನ ಮನೆಯಲ್ಲೇ ಕಟ್ಟಿಹಾಕಿ ನೋಡಿಕೊಳ್ಳಿ ಎಂದು ಕೌಂಟಿಯ ಆರೋಗ್ಯ ಕಚೇರಿಯಿಂದ ಹೇಳಿಕಳಿಸಿದರು. ಲೈಲ್ ಅದನ್ನು ಕೊಟ್ಟಿಗೆಯ ಪಕ್ಕದ ಹಾಲಿನ ಕೋಣೆಗೆ ಹಾಕಿ ಚಿಲಕ ಹಾಕಿದ. “ಹನ್ನೊಂದನೇ ದಿನ ಸೂಜಿ ಹಾಕಿಸಿ ಮುಗಿಸ್ತೀನಿ” ಎಂದ. ಮನೆಯಲ್ಲಿ ಯಾರೂ ಎದುರಾಡಲಿಲ್ಲ.

ಮರುದಿನ ಸೋಮವಾರ. ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮಕ್ಕಳ ನಾಯಿ ತರಬೇತಿ ಕ್ಲಬ್ ನಡೆಸುತ್ತೇನೆ. ಜಾತ್ರೆ ಮೈದಾನದ ದನದ ಶೆಡ್ಡಿನಲ್ಲಿ ಹನ್ನೆರಡು ಮಕ್ಕಳು, ಹನ್ನೆರಡು ನಾಯಿಗಳು ಸೇರಿದ್ದವು. ಲೈಲ್‌ನ ಮಗಳು ಸಿಗ್ನಿ ಸೈಕಲ್ ತುಳಿದುಕೊಂಡು ಬಂದಳು. ಹನ್ನೆರಡು ವರ್ಷದ ಹುಡುಗಿ, ಜೊತೆಗೆ ನಾಯಿ ಇರಲಿಲ್ಲ.

“ಮಿಸೆಸ್ ಹೋಲ್ಟ್, ಕಚ್ಚಿದ ನಾಯೀನ ನಿಮ್ಮ ಕ್ಲಬ್ಬಿಗೆ ಸೇರಿಸ್ಕೋತೀರಾ?”

“ಯಾರಿಗೆ ಕಚ್ತು ಮಗೂ?”

“ನನ್ನ ತಮ್ಮಂಗೆ. ಮುಖಕ್ಕೆ.”

ಮಕ್ಕಳೆಲ್ಲ ನಮ್ಮತ್ತ ತಿರುಗಿದರು. “ನೋಡ್ದೆ ಹೇಳಕ್ಕಾಗಲ್ಲ. ನಾಳೆ ಮನೆಗೆ ಬರ್ತೀನಿ” ಎಂದೆ.

ಹೋದಾಗ ಲೈಲ್ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ. “ಯಾಕೆ ಬಂದಿದೀರಿ ಅಂತ ಗೊತ್ತು ವಿಲ್ಮಾ. ಕಾಫಿ ಕುಡೀರಿ, ಹೋಗಿ. ನಾಯಿ ಮಾತು ಬೇಡ.”

“ನನ್ನ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತು ಹನ್ನೆರಡು ವರ್ಷ ನೀನು ಬಿಟ್ಟ ರೈಲೆಲ್ಲ ಕೇಳಿದೀನಿ. ನೀನೀಗ ನನ್ನ ಎರಡು ಮಾತು ಕೇಳು.”

“ಮಕ್ಕಳ ಕೈಲಿ ತಿಂಡಿ ಕೊಟ್ಟು ನಾಯಿ ಹತ್ರ ಶೇಕ್‌ಹ್ಯಾಂಡ್ ಮಾಡಿಸೋ ಕ್ಲಬ್ಬು ನಿಮ್ದು. ಅದ್ರಿಂದ ನನ್ನ ಮಗನ ಕೆನ್ನೆ ಸರಿಹೋಗತ್ತಾ?”

“ಇಲ್ಲ, ಹೋಗಲ್ಲ. ಕಚ್ಚೋ ಮುಂಚೆ ಅದು ಗುರ್ ಅಂತಾ?”

“ಇಲ್ಲಾ ರೀ! ಅದಕ್ಕೇ ತಾನೆ ನಂಗೆ ಭಯ? ಒಂದು ಸದ್ದಿಲ್ಲ, ಸೂಚನೆ ಇಲ್ಲ. ಅಂಥದನ್ನ ಹೆಂಗೆ ನಂಬೋದು?”

“ಯಾವತ್ತೂ ಗುರ್ ಅಂದಿದ್ದೇ ಇಲ್ವಾ?”

“ಚಳಿಗಾಲದಲ್ಲಿ ಅಂತಿತ್ತು, ಎಮೆಟ್ ಹತ್ರ ಹೋದ್ರೆ. ಆ ಚಾಳಿ ನಾನೇ ಬಿಡಿಸ್ದೆ. ಗುರ್ ಅಂದಾಗೆಲ್ಲ ಬೂಟುಗಾಲಲ್ಲಿ ಒಂದು ಕೊಟ್ಟೆ. ಮೂರು ವಾರಕ್ಕೆ ಸದ್ದೇ…”

ಅವನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ.

“ಗುರ್ ಅನ್ನೋದು ಅದ್ರ ಮಾತು ಕಣೋ ಲೈಲ್” ಎಂದೆ. “ ‘ನಂಗೆ ಹೆದರಿಕೆ ಆಗ್ತಿದೆ, ದೂರ ಇರಿ’ ಅಂತ ಮುಂಚೇನೇ ಹೇಳ್ತಿತ್ತು. ನೀನು ಹೆದರಿಕೆ ಬಿಡಿಸ್ಲಿಲ್ಲ. ಹೇಳೋದನ್ನ ಬಿಡಿಸ್ದೆ.”

ಲೈಲ್ ಹಾಲಿನ ಡಬ್ಬದ ಮೇಲೆ ಕುಸಿದು ಕೂತ.

ಮನೆಯೊಳಗೆ ಹೋದರೆ ಜೊಲೀನ್ ನಂಬಲು ಸಿದ್ಧಳಿರಲಿಲ್ಲ. “ಇಲ್ಲ ವಿಲ್ಮಾ, ತಬ್ಬಿಕೊಂಡ್ರೆ ಅದಕ್ಕೆ ಇಷ್ಟಾನೇ. ಬೇಕಾದ್ರೆ ನೋಡಿ” ಎಂದು ಫೋನ್ ತೆಗೆದಳು. ಎಮೆಟ್‌ನ ಹುಟ್ಟುಹಬ್ಬದ ವಿಡಿಯೋ. ಹುಡುಗ ನಾಯಿಯ ಕತ್ತಿಗೆ ಜೋತುಬಿದ್ದಿದ್ದಾನೆ, ಸುತ್ತ ನಗು, ಚಪ್ಪಾಳೆ. ನಾನು ನಡುವೆಯೇ ನಿಲ್ಲಿಸಿದೆ.

“ಈಗ ಮಗನ್ನ ನೋಡ್ಬೇಡ. ನಾಯಿ ಒಂದನ್ನೇ ನೋಡು. ಮುಖ ಆಕಡೆ ತಿರುಗಿಸ್ತು. ತುಟಿ ನೆಕ್ಕೊಳ್ತಾ ಇದೆ, ತಿನ್ನಕ್ಕೆ ಏನೂ ಇಲ್ದೆ. ಕಣ್ಣಿನ ಬಿಳಿ ಕಾಣ್ತಿದೆಯಾ? ಮೈ ನೋಡು, ಮರದ ಕೊರಡಿನ ಹಾಗೆ ಬಿಗಿದುಕೊಂಡಿದೆ. ಇಷ್ಟು ಸಲ ‘ಬಿಡು’ ಅಂತಿದೆ.”

ಜೊಲೀನ್ ಎರಡನೇ ಸಲ ವಿಡಿಯೋ ಹಾಕಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. “ನಾವು ನಗ್ತಾ ಇದೀವಿ” ಎಂದಳು. “ಅಯ್ಯೋ ದೇವ್ರೇ, ನಾವೆಲ್ಲ ಸುತ್ತ ನಿಂತು ನಗ್ತಾ ಇದೀವಿ.”

ಪಕ್ಕದಲ್ಲೇ ನಿಂತಿದ್ದ ಸಿಗ್ನಿ ಗಟ್ಟಿಯಾಗಿ ಅಳತೊಡಗಿದಳು. ಆ ವಿಡಿಯೋ ತೆಗೆದವಳು ಅವಳೇ.

ನಾನು ಸುಳ್ಳು ಭರವಸೆ ಕೊಡಲಿಲ್ಲ. ಕೆಲವು ನಾಯಿಗಳನ್ನು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದೇ ಇಲ್ಲ, ಅದನ್ನೂ ಹೇಳಿದೆ. ಮೊದಲು ಪಶುವೈದ್ಯರು ನೋಡಲಿ, ಆಮೇಲೆ ಸೂಜಿಯ ಮಾತು ಎಂದೆ. ಹತ್ತು ದಿನ ಕಳೆದ ಮೇಲೆ ಲೈಲ್ ಜಾಸ್ಪರ್‌ನನ್ನು ಕರೆದೊಯ್ದ. ವೈದ್ಯರು ಕಿವಿಯೊಳಗೆ ದೀಪ ಬಿಟ್ಟು ನೋಡಿ ತಲೆಯಾಡಿಸಿದರು. ಎರಡೂ ಕಿವಿ ಕೀವು ಹಿಡಿದಿತ್ತು. ತಿಂಗಳುಗಟ್ಟಲೆಯಿಂದ ಇರಬೇಕು ಎಂದರಂತೆ. ಮಗು ದಿನವೂ ತಬ್ಬಿ ಒತ್ತುತ್ತಿದ್ದದ್ದು ಅಲ್ಲಿಗೇ. ಆ ರಾತ್ರಿ ಲೈಲ್ ಊಟ ಮಾಡಲಿಲ್ಲವೆಂದು ಸಿಗ್ನಿ ಆಮೇಲೆ ಹೇಳಿದಳು.

“ಒಂದು ಬೇಸಿಗೆ ನೋಡ್ತೀನಿ” ಎಂದ ಅವನು. “ಆದ್ರೆ ಎಮೆಟ್ ಮತ್ತು ನಾಯಿ ನಡುವೆ ಬಾಗಿಲಿರ್ಬೇಕು.”

“ಅದನ್ನ ನೀನು ಹೇಳ್ದಿದ್ರೆ ನಾನೇ ಹೇಳ್ತಿದ್ದೆ” ಎಂದೆ.

ಸಿಗ್ನಿ ಕ್ಲಬ್ಬಿಗೆ ಸೇರಿದಳು. ಮೊದಲ ನಾಲ್ಕು ಸೋಮವಾರ ನಾಯಿಯಿಲ್ಲದೆಯೇ ಬಂದು, ಬೇರೆಯವರ ನಾಯಿಗಳ ಕಿವಿ, ಬಾಲ, ಕಣ್ಣು ನೋಡಿ ಬರೆದುಕೊಂಡಳು. ಮನೆಗೆ ಹೋಗಿ ಅದನ್ನೆಲ್ಲ ತಮ್ಮನಿಗೂ ಓದಿ ಹೇಳುತ್ತಿದ್ದಳಂತೆ. ಕಿವಿ ವಾಸಿಯಾದ ಮೇಲೆ ಜಾಸ್ಪರ್ ಬಂತು, ಬಾಯಿಗೆ ಜಾಲರಿ ಕಟ್ಟಿಕೊಂಡು, ಶೆಡ್ಡಿನ ಇನ್ನೊಂದು ತುದಿಯಲ್ಲಿ. ಹೊಡೆತವಿಲ್ಲ, ಕೂಗಾಟವಿಲ್ಲ. ಸರಿ ಮಾಡಿದ್ದಕ್ಕೆ ಒಂದು ಚೂರು ಚೀಸು. ಬೇಡವೆನಿಸಿದರೆ ಎದ್ದು ತನ್ನ ಚಾಪೆಗೆ ಹೋಗಲು ಅದಕ್ಕೆ ಅನುಮತಿ. ಲೈಲ್ ಬೇಲಿಯಾಚೆ ಕೈಕಟ್ಟಿ ನಿಂತು ನೋಡುತ್ತಿದ್ದ. ಜುಲೈ ಹೊತ್ತಿಗೆ ಬೇಲಿಯೀಚೆ ಬಂದು ಮಕ್ಕಳಿಗೆ ನೀರು ತುಂಬಿಸಿಕೊಡುತ್ತಿದ್ದ. ಆಗಸ್ಟಿನಲ್ಲಿ ನಡೆದ ನಾಯಿಗಳ ಸ್ಪರ್ಧೆಯಲ್ಲಿ ಸಿಗ್ನಿಗೆ ಬಹುಮಾನವೇನೂ ಬರಲಿಲ್ಲ. ಅಪ್ಪಣೆಯಂತೆ ಅಲ್ಲಾಡದೆ ಮಲಗಿರಬೇಕಾದ ಹೊತ್ತಿನಲ್ಲಿ ಜಾಸ್ಪರ್ ಎದ್ದು ಅಂಗಣದ ತುಂಬ ಓಡಿತು. ಜನ ನಕ್ಕರು, ಅವಳೂ ನಕ್ಕಳು.

ಸೆಪ್ಟೆಂಬರಿನಲ್ಲಿ ಅವರ ಮನೆಗೆ ನೆಂಟರು ಬಂದರು. ಅಂಗಳದಲ್ಲಿ ಸಿಗ್ನಿ ಹಗ್ಗ ಹಿಡಿದು ಜಾಸ್ಪರ್ ಜೊತೆ ನಿಂತಿದ್ದಳು. ಲೈಲ್‌ನ ತಮ್ಮ, ತುಂಬ ಎತ್ತರದ ಆಳು, “ಏನೋ ಮರೀ!” ಎಂದು ನಾಯಿಯ ತಲೆ ಸವರಲು ಬಗ್ಗಿದ. ಸಿಗ್ನಿ ಬಾಯಿ ತೆರೆಯುವ ಮೊದಲೇ, ಮೆಟ್ಟಿಲ ಮೇಲೆ ಅಮ್ಮನ ಕೈ ಹಿಡಿದು ನಿಂತಿದ್ದ ಎಮೆಟ್ ಕೂಗಿದ.

“ಚಿಕ್ಕಪ್ಪಾ, ಮುಟ್ಬೇಡ! ಅವ್ನು ಮುಖ ತಿರುಗಿಸ್ತಾ ಇದಾನೆ. ಬೇಡ ಅಂತಿದಾನೆ!”

ಚಿಕ್ಕಪ್ಪ ಕೈ ಹಿಂದಕ್ಕೆಳೆದುಕೊಂಡ. ಜಾಸ್ಪರ್ ಸದ್ದಿಲ್ಲದೆ ಸಿಗ್ನಿಯ ಹಿಂದೆ ಹೋಗಿ ಕೂತಿತು. ಲೈಲ್ ಬೆಪ್ಪಾಗಿ ಮಗನನ್ನೇ ನೋಡುತ್ತಿದ್ದ. ಕೆನ್ನೆಯ ಮೇಲೆ ಇನ್ನೂ ಕೆಂಪಗಿದ್ದ ಗೆರೆ, ನಾಲ್ಕು ವರ್ಷದ ಹುಡುಗ.

“ನಲವತ್ತು ವರ್ಷದಿಂದ ನಾಯಿ ಸಾಕ್ತಿದೀನಿ ವಿಲ್ಮಾ” ಎಂದ ಮರುದಿನ ನನ್ನ ಹತ್ತಿರ. “ನಂಗೆ ಕಾಣ್ಲೇ ಇಲ್ವಲ್ಲ.”

ನಿಮ್ಮ ಮನೆಯಲ್ಲೂ ನಾಯಿ, ಮಕ್ಕಳು ಇರಬಹುದು. ಈ ಸಂಜೆ ಐದು ನಿಮಿಷ ಸುಮ್ಮನೆ ಕೂತು ನಾಯಿಯನ್ನು ನೋಡಿ. ಅದು ಉಣ್ಣುವಾಗ, ಮಲಗಿರುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಗುರುಗುಟ್ಟಿದರೆ ಹೊಡೆಯಬೇಡಿ. ಮಗುವನ್ನು ಎತ್ತಿಕೊಳ್ಳಿ, ಯಾಕೆ ಗುರುಗುಟ್ಟಿತು ಎಂದು ಯೋಚಿಸಿ, ವೈದ್ಯರಿಗೆ ತೋರಿಸಿ. ಎಂಟು ವರ್ಷ ದಾಟಿದ ಮಕ್ಕಳಿದ್ದರೆ ಸೋಮವಾರ ಜಾತ್ರೆ ಮೈದಾನಕ್ಕೆ ಕರೆತನ್ನಿ. ನಾಯಿ ಇಲ್ಲದಿದ್ದರೂ ಪರವಾಗಿಲ್ಲ, ಮೊದಲ ಪಾಠ ನಾಯಿಗಲ್ಲ. ಮಗುವನ್ನು ಬಿಟ್ಟು ಹೊರಟುಬಿಡಬೇಡಿ, ನೀವೂ ಕೂತು ಕಲಿಯಿರಿ. ಬೆಂಚು ಉದ್ದವಿದೆ. ಲೈಲ್ ಸರಿದು ಜಾಗ ಕೊಡುತ್ತಾನೆ.