ಏಳು ಕಾಯಿಯಷ್ಟು ಹೊತ್ತು

ನಮ್ಮ ಮಂಡಿಯಲ್ಲಿ ಹೋದ ವರ್ಷದ ತನಕ ಮಾವಿನ ವ್ಯಾಪಾರ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವರು ಮಂಡಿಯವರ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಮೊದಲು ನಾಲ್ಕು ಬೆರಳು, ಆಮೇಲೆ ಎರಡು ಬೆರಳು ಹಿಡಿದರೆ ಕಿಲೋಗೆ ನಲವತ್ತೆರಡು. ಪಕ್ಕದಲ್ಲಿ ನಿಂತವರಿಗೆ ಟವೆಲ್ ಅಲ್ಲಾಡುವುದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಶ್ರೀನಿವಾಸಪುರದ ಈ ಮಂಡಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ತೂಕ ಹಾಕುತ್ತಿದ್ದೇನೆ. ಟವೆಲ್ಲಿನ ಕೆಳಗೆ ಮೋಸವೂ ನಡೆದಿದೆ, ಇಲ್ಲವೆನ್ನುವುದಿಲ್ಲ. ಆದರೆ ಮುಳಬಾಗಿಲಿನ ವ್ಯಾಪಾರಿ ಅಬ್ದುಲ್ ರಜಾಕ್ ಸಾಬರಿಗೆ ಅದರಿಂದ ದೊಡ್ಡ ಉಪಕಾರವಿತ್ತು. ಅವರಿಗೆ ಉಗ್ಗು. ಬೆರಳು ಉಗ್ಗುವುದಿಲ್ಲವಲ್ಲ.

ಈ ವರ್ಷ ಯಜಮಾನರಾದ ಗಂಗುಲಪ್ಪನವರು ಟವೆಲ್ ನಿಲ್ಲಿಸಿ ಕೂಗಿ ಹರಾಜು ಹಾಕುವುದನ್ನು ತಂದರು. ಬೆಲೆ ರೈತರ ಕಿವಿಗೆ ಬೀಳಬೇಕು ಎಂದರು. ಮಾತು ಸರಿಯಾಗಿಯೇ ಇತ್ತು. ಕೂಗುವುದಕ್ಕೆ ಅಳಿಯ ಅರುಣ್‌ಕುಮಾರನನ್ನು ನಿಲ್ಲಿಸಿದರು. ಅವನು ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನಬೇಕು. ಆಗ ನಾನು ಆ ರಾಶಿಯ ಮೊದಲ ಕ್ರೇಟ್ ಎತ್ತಿ ತಕ್ಕಡಿಯ ಮೇಲೆ ಇಡಬೇಕು. ಕ್ರೇಟ್ ತಕ್ಕಡಿಗೆ ಬಿತ್ತೆಂದರೆ ವ್ಯಾಪಾರ ಮುಗಿಯಿತು, ಆಮೇಲೆ ಯಾರು ಏನು ಕೂಗಿದರೂ ಕೇಳುವವರಿಲ್ಲ.

ಮೊದಲ ದಿನ ಬಾದಾಮಿ ಮಾವಿನ ರಾಶಿಯ ಮುಂದೆ ರಜಾಕ್ ಸಾಬರು ಬಾಯಿ ತೆರೆದರು.

"ನ... ನ... ನ..."

"ಏನ್ ಸಾಬ್ರೇ, ಬೆಳಿಗ್ಗೆ ಬೆಳಿಗ್ಗೇನೇ ಹಾಡು ಶುರು ಮಾಡ್ಬಿಟ್ರಿ," ಎಂದ ಅರುಣ್‌ಕುಮಾರ್. ಕತ್ತು ಮುಂದಕ್ಕೆ ಚಾಚಿ, ಕಣ್ಣು ಮಿಟುಕಿಸಿ, ಅವರ ಹಾಗೆಯೇ ಹೇಳಿ ತೋರಿಸಿದ.

ಅಲ್ಲಿದ್ದ ನಲವತ್ತು ಜನ ನಕ್ಕರು. ನಾನೂ ನಕ್ಕೆ. ಈ ಮಾತು ಬಿಟ್ಟು ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಆದರೆ ನಕ್ಕಿದ್ದು ನಿಜ. ಮೂರು ಸಾರಿ ಆಯಿತು, ಕ್ರೇಟ್ ಎತ್ತಿದೆ, ರಾಶಿ ಮದನಪಲ್ಲಿಯಿಂದ ಬರುವ ಕೋದಂಡರಾಮಪ್ಪನವರ ಪಾಲಾಯಿತು. ರಜಾಕ್ ಸಾಬರು ಅರ್ಧ ತೆರೆದ ಬಾಯಿ ಮುಚ್ಚಿಕೊಂಡರು.

ಎರಡನೆಯ ದಿನ ಅರುಣ್‌ಕುಮಾರ್ ಬೇಕೆಂದೇ ಅವರ ಎದುರಿಗೆ ಬಂದು, ಕಿವಿಯ ಹಿಂದೆ ಕೈ ಹಿಡಿದು ನಿಂತ. ಅವರು ಬಾಯಿ ತೆರೆಯುವ ಮೊದಲೇ ನಗು ಶುರುವಾಗಿತ್ತು. ಅವತ್ತೂ ಅವರ ಗಾಡಿ ಖಾಲಿ ಹೋಯಿತು. ಮುಳಬಾಗಿಲಿನಲ್ಲಿ ಹನ್ನೆರಡು ತಳ್ಳುಗಾಡಿಯವರು ಅವರು ತರುವ ಹಣ್ಣನ್ನೇ ನಂಬಿದ್ದರು. ಇನ್ನೆರಡು ದಿನ ಹೀಗೇ ಆದರೆ ಅವರೆಲ್ಲ ಬೇರೆ ಕಡೆ ಹಣ್ಣು ತೆಗೆದುಕೊಳ್ಳುತ್ತಾರೆ, ಸಾಬರ ಸೀಸನ್ ಅಲ್ಲಿಗೆ ಮುಗಿಯುತ್ತದೆ. ಇದು ಮಂಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಕಾಯಿ ವಿಂಗಡಿಸುವ ಆವಲಮ್ಮ ರಾಯಲ್ಪಾಡಿನವಳು, ಬಾಯಿ ಜೋರು. "ಸಿಗ್ಗು ಲೇದಾ ನೀಕು? ನಾಚಿಕೆ ಇಲ್ವಾ?" ಎಂದು ತೆಲುಗು ಕನ್ನಡ ಎರಡರಲ್ಲೂ ಬೈದಳು. ಅರುಣ್‌ಕುಮಾರನಿಗೆ ಎಂದುಕೊಂಡು ತಿರುಗಿದರೆ, ಅವಳು ನೋಡುತ್ತಿದ್ದುದು ನನ್ನನ್ನು.

"ನಾನೇನಮ್ಮ ಮಾಡ್ದೆ?"

"ಏನೂ ಮಾಡ್ಲಿಲ್ಲ. ಅದಕ್ಕೇ ಕೇಳಿದ್ದು."

ನನಗೆ ಮೈಯೆಲ್ಲ ಉರಿಯಿತು. ಯಜಮಾನರ ಅಳಿಯನಿಗೆ ಬುದ್ಧಿ ಹೇಳಲು ನಾನ್ಯಾರು? ಹಾಗೆಂದುಕೊಂಡೇ ಮನೆಗೆ ಹೋದೆ. ಆದರೆ ಅವಳ ಮಾತು ಬಿಡಲಿಲ್ಲ. ಮೂರನೆಯ ದಿನ ಏನಾದರೂ ಮಾಡಿಯೇ ತೀರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದೆ.

ಕೋದಂಡರಾಮಪ್ಪನವರು ನಲವತ್ತೆರಡು ಎಂದರು. ರಜಾಕ್ ಸಾಬರು "ನ..." ಎಂದು ಶುರು ಮಾಡಿದರು. ಅರುಣ್‌ಕುಮಾರ್ ಕತ್ತು ಚಾಚಿದ. ಅವನ ಬಾಯಿಂದ ಮೊದಲ ಅಕ್ಷರ ಬರುವ ಮೊದಲೇ ನಾನು ಕೂಗಿಬಿಟ್ಟೆ.

"ಐವತ್ತು. ರಜಾಕ್ ಸಾಬರದು ಐವತ್ತು."

ಐವತ್ತನ್ನು ಯಾರೂ ಮೀರುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾರೂ ಮೀರಲಿಲ್ಲ. ಅರುಣ್‌ಕುಮಾರ್ ಪೆಚ್ಚಾಗಿ ಮೂರು ಸಾರಿ ಕೂಗಿದ. ನಾನು ಕ್ರೇಟ್ ಎತ್ತಿ ತಕ್ಕಡಿಗೆ ಧಡಕ್ಕನೆ ಇಟ್ಟೆ. ಕಳ್ಳನನ್ನು ಹಿಡಿದುಕೊಟ್ಟವನ ಹಾಗೆ ಎದೆಯುಬ್ಬಿಸಿ ಆವಲಮ್ಮನ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಕಾಯಿ ನೋಡುತ್ತಿದ್ದಳು.

ಹಣ್ಣೆಲ್ಲ ಗಾಡಿಗೆ ಹತ್ತಿದ ಮೇಲೆ ರಜಾಕ್ ಸಾಬರು ನನ್ನನ್ನು ಗೇಟಿನ ಪಕ್ಕದ ಟೀ ಅಂಗಡಿಗೆ ಕರೆದರು. ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡು ಹೋದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಮುಚ್ಚಿ, ಬೆರಳು ಹಿಡಿದರು. ನಾಲ್ಕು. ಬಿಟ್ಟು, ಮತ್ತೆ ನಾಲ್ಕು.

ನಲವತ್ತನಾಲ್ಕು. ಅವರು ಹೇಳಬೇಕೆಂದಿದ್ದುದು ಅಷ್ಟು. ನಾನು ಕೂಗಿದ್ದು ಐವತ್ತು. ಮಂಡಿಯಲ್ಲಿ ಬಾಯಿಂದ ಬಂದ ಬೆಲೆ ಬೆಲೆಯೇ, ಹಿಂದಕ್ಕಿಲ್ಲ. ಅಲ್ಲವೆನ್ನಬೇಕಾದರೂ ಅವರು ಬಾಯಿ ತೆರೆಯಬೇಕಿತ್ತು, ಅಷ್ಟು ಜನರ ಮುಂದೆ.

"ಅವ್ನು ನನ್ನ ನೋಡಿ ನಕ್ಕ," ಎಂದರು ರಜಾಕ್ ಸಾಬರು. "ನೀನು ನನ್ ಬಾಯೇ ಕಿತ್ಕೊಂಡೆ, ಉದಯಾ."

ಅವರ ಮಾತನ್ನು ಇಲ್ಲಿ ಒಂದೇ ಉಸಿರಿಗೆ ಬರೆದಿದ್ದೇನೆ. ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಟೀ ಮೇಲೆ ಕೆನೆ ಕಟ್ಟಿತ್ತು. ಅವಮಾನದಿಂದ ನನ್ನ ಕಣ್ಣು ತುಂಬಿತು. ಅವರನ್ನು ಕಂಡು ಕನಿಕರದಿಂದಲ್ಲ, ನನ್ನ ಬಗ್ಗೆ ನನಗೇ ಹೇಸಿಗೆಯಾಗಿ.

"ತಪ್ಪಾಯ್ತು ಭಾಯ್. ನಾನೇನ್ ಮಾಡ್ಬೇಕಿತ್ತು ಹೇಳಿ."

ಅವರು ಬಹಳ ಹೊತ್ತು ತೆಗೆದುಕೊಂಡರು. ಮಧ್ಯದಲ್ಲಿ ಎರಡು ಸಲ ನನ್ನ ನಾಲಿಗೆಯ ತುದಿಗೆ ಮಾತು ಬಂತು. ತುಟಿ ಕಚ್ಚಿಕೊಂಡೆ.

"ಕ್ರೇಟ್ ಎತ್ಬೇಡ," ಎಂದರು. "ಅಷ್ಟೇ."

ಮೂರು ದಿನ ಕೂಗಿದ್ದು ಅರುಣ್‌ಕುಮಾರ್. ಮುಗಿಸಿದ್ದು ನಾನು. ಇದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ನಾಲ್ಕನೆಯ ದಿನ ಕೋದಂಡರಾಮಪ್ಪನವರು ನಲವತ್ತೊಂದಕ್ಕೆ ನಿಂತಿದ್ದರು. ರಜಾಕ್ ಸಾಬರು "ನ..." ಎಂದರು. ಅರುಣ್‌ಕುಮಾರ್ ನಗಿಸುವಷ್ಟು ನಗಿಸಿ, ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದ.

"ಎತ್ತೋ ಉದಯಾ."

ನಾನು ಆ ಕ್ರೇಟಿನ ಮೇಲೆ ಕೂತುಬಿಟ್ಟೆ. ಅಂಚಿನ ಮೇಲೆ ಭಾರ ಬಿಟ್ಟಿದ್ದೆ, ಹಣ್ಣು ಕೆಡಬಾರದಲ್ಲ.

"ಏನೋ ಇದು?"

"ಅವರ ಮಾತು ಮುಗಿದಿಲ್ಲ."

ನಗು ನಿಂತಿತು. ಗಂಗುಲಪ್ಪನವರು ಒಳಗೆ ಮೇಜಿನ ಹಿಂದಿನಿಂದ ಎದ್ದು ಬಂದರು.

"ಉದಯಾ, ಕ್ರೇಟ್ ಎತ್ತೋದು ನಿನ್ ಕೆಲ್ಸ. ಆಗಲ್ಲ ಅಂದ್ರೆ ನಾಳೆಯಿಂದ ಬೇರೆಯವ್ರು ಎತ್ತುತಾರೆ."

"ಎತ್ತುತೀನಿ ಅಯ್ಯಾ. ಅವ್ರು ಹೇಳ್ಲಿ, ಎತ್ತುತೀನಿ."

ಹೊರಗೆ ಟ್ರಾಕ್ಟರೊಂದು ಹಿಂದಕ್ಕೆ ಬರುತ್ತಿತ್ತು. ರಜಾಕ್ ಸಾಬರ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು, ತೆರೆಯಿತು. ನಾನು ಅವರ ಮುಖ ನೋಡದೆ ತಕ್ಕಡಿಯನ್ನು ನೋಡುತ್ತಾ ಕೂತೆ. ಹೇಳಿಕೊಡಬೇಕೆಂದು ಜೀವ ಒದ್ದಾಡುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

"ನ... ನಲವತ್ತ್... ನಲವತ್ಮೂರು," ಎಂದರು ರಜಾಕ್ ಸಾಬರು.

"ಏಳು ಕಾಯಿ," ಎಂದಳು ಆವಲಮ್ಮ, ತಲೆ ಎತ್ತದೆ. "ನಾನು ಏಳು ಕಾಯಿ ವಿಂಗಡಿಸೋ ಹೊತ್ತು. ಅಷ್ಟೇ ಕಣ್ರಪ್ಪಾ ಆ ಮನುಷ್ಯ ಕೇಳಿದ್ದು."

ಗಂಗುಲಪ್ಪನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾಳೆ ನನಗೆ ಕೆಲಸ ಇದೆಯೋ ಇಲ್ಲವೋ ಅವರ ಮುಖದಲ್ಲಿ ತಿಳಿಯಲಿಲ್ಲ.

"ನಲವತ್ನಾಲ್ಕು," ಎಂದರು ಕೋದಂಡರಾಮಪ್ಪನವರು. ಅವರು ವ್ಯಾಪಾರಕ್ಕೆ ಬಂದವರು, ಅದರಲ್ಲಿ ತಪ್ಪಿಲ್ಲ.

ಎಲ್ಲರೂ ರಜಾಕ್ ಸಾಬರ ಕಡೆ ತಿರುಗಿದರು. ಅವರು ಮತ್ತೆ ಬಾಯಿ ತೆರೆದರು. "ನ..."

ಅರುಣ್‌ಕುಮಾರನ ಕತ್ತು ಅಭ್ಯಾಸಬಲದಿಂದ ಮುಂದಕ್ಕೆ ಬಂತು. ಕ್ರೇಟಿನ ಮೇಲಿಂದ ನಾನು ಎದ್ದಿರಲಿಲ್ಲ. ಅವನು ನನ್ನನ್ನು ನೋಡಿ ಕತ್ತು ಹಿಂದಕ್ಕೆ ತೆಗೆದುಕೊಂಡ. ಆವಲಮ್ಮ ಬುಟ್ಟಿಯಿಂದ ಮೊದಲನೆಯ ಕಾಯಿ ತೆಗೆದು ಪಕ್ಕಕ್ಕಿಟ್ಟಳು.